ಹತ್ತು ಸಾವಿರ ಸರೋವರಗಳ ನಾಡಿನಲ್ಲೊಂದು ದೋಣಿ

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರದ ಅಂಚಿನಲ್ಲಿ, ಕೆನಡಾ ದೇಶಕ್ಕೆ ತಾಗಿಕೊಂಡು, ಮಿನ್ನೆಸೋಟ ಎಂಬ ರಾಜ್ಯವಿದೆ. ಅಲ್ಲಿಯ ಮೋಟಾರು ವಾಹನಗಳ ನಂಬರು ಫಲಕದ ಮೇಲೆ ‘ಹತ್ತು ಸಾವಿರ ಸರೋವರಗಳು’ ಎಂದು ಅಚ್ಚು ಹಾಕಿರುತ್ತಾರೆ. ಇದು ಊರ ಅಭಿಮಾನದ ಉತ್ಪ್ರೇಕ್ಷೆಯಿರಬೇಕೆಂದು ನಾನು ಮೊದಲು ಭಾವಿಸಿದ್ದೆ. ಹತ್ತು ಎಕರೆಗಿಂತ ಚಿಕ್ಕವನ್ನು ಬಿಟ್ಟು ಎಣಿಸಿದರೂ 11,842 ಇವೆಯೆಂದು ತಿಳಿದಾಗ, ತಮ್ಮಲ್ಲಿರುವುದನ್ನು ಕಡಿಮೆ ಮಾಡಿ ಹೇಳುವ ಜನರೂ ಲೋಕದಲ್ಲಿದ್ದಾರಲ್ಲ ಎಂದು ಸೋಜಿಗವಾಯಿತು. ಹಿಮಯುಗದ ಮಂಜುಗಡ್ಡೆಯ ಮಹಾರಾಶಿಗಳು ನೆಲವನ್ನು ಉತ್ತು ಹಿಂದೆ ಸರಿದಾಗ ಉಳಿದ ಗುಂಡಿಗಳೇ ಈ ಸರೋವರಗಳು. ರಾಜ್ಯದ ಹೆಸರು ಕೂಡ ಆ ನೆಲದ ಮೂಲನಿವಾಸಿಗಳಾದ ಡಕೋಟ ಜನರ ಭಾಷೆಯದು. ಅದರ ಮೊದಲ ಭಾಗವಾದ ‘ಮ್ನಿ’ ಎಂದರೆ ನೀರು.

ನನ್ನ ತಮ್ಮ ಅಲ್ಲಿ ನೆಲೆಸಿ ಇಪ್ಪತ್ತು ವರ್ಷಗಳು ಸಂದಿವೆ. ಮಿನಿಯಾಪೊಲಿಸ್ ನಗರದ ಪಶ್ಚಿಮಕ್ಕೆ ಅವನ ಮನೆ. ಕಳೆದ ಮಾರ್ಚಿಯಲ್ಲಿ ಪರೀಕ್ಷೆಗಳು ಮುಗಿದು ಶಾಲೆಯ ಬಾಗಿಲು ಹಾಕಿದ ಬಳಿಕ, ಇಲಾಖೆಯ ಅನುಮತಿಪತ್ರವನ್ನು ಕೈಯಲ್ಲಿ ಹಿಡಿದುಕೊಂಡು, ಮಂಗಳೂರಿನಿಂದ ವಿಮಾನವೇರಿದೆ. ವಿಮಾನಯಾನದ ವರ್ಣನೆಯನ್ನು ಈ ಮಾಸಿಕದ ಓದುಗರು ಬೇಕಾದಷ್ಟು ಸಲ ಓದಿದ್ದಾರೆ. ನಯಾಗರಕ್ಕೆ ನಾನು ಹೋಗಲಿಲ್ಲ. ಏಳು ವಾರಗಳಲ್ಲಿ ಹೆಚ್ಚಿನ ಹೊತ್ತನ್ನು ನಾನು ಕಳೆದದ್ದು ತಮ್ಮನ ಮನೆಯ ಕಾರಿನ ಕೊಟ್ಟಿಗೆಯಲ್ಲಿ, ಹದಿನಾಲ್ಕು ಅಡಿ ಉದ್ದದ ಒಂದು ಅಲ್ಯುಮಿನಿಯಂ ದೋಣಿಯ ಪಕ್ಕದಲ್ಲಿ.

ತಲಪಿದ ದಿನವೇ ರಾತ್ರಿ ಊಟಕ್ಕೆ ಕುಳಿತಾಗ ತಮ್ಮನ ಹೆಂಡತಿ ಬಡಿಸುತ್ತ ಹೇಳಿದಳು: "ಭಾವಾ, ಆ ದೋಣಿಯನ್ನು ಮಾರಿಬಿಡಲು ನೀವಾದರೂ ಹೇಳಿ. ನನ್ನ ಮಾತು ನಡೆಯುವುದಿಲ್ಲ." ತಮ್ಮ ತಲೆ ಎತ್ತದೆ ಉಣ್ಣುತ್ತಿದ್ದ. ಹನ್ನೊಂದು ವರ್ಷದ ಅವರ ಮಗ ಒಮ್ಮೆ ತಾಯಿಯನ್ನೂ ಒಮ್ಮೆ ನನ್ನನ್ನೂ ನೋಡಿದ. ವಿಷಯ ತಿಳಿದದ್ದು ಮರುದಿನ.

ಆ ನಾಡಿನಲ್ಲಿ ಮೀನು ಹಿಡಿಯುವುದು ಕಸುಬಿಗಿಂತ ಹೆಚ್ಚಾಗಿ ಒಂದು ವ್ರತ. ನಮ್ಮ ಮನೆಯಲ್ಲಿ ಮೀನು ಬೇಯುವ ಪದ್ಧತಿಯಿಲ್ಲ. ತಮ್ಮನೂ ಅದನ್ನು ಬಿಟ್ಟಿಲ್ಲ. ಹಿಡಿದ ಮೀನಿನ ಬಾಯಿಯಿಂದ ಗಾಳವನ್ನು ಬಿಡಿಸಿ, ಕೈಯಲ್ಲಿ ಒಂದು ಗಳಿಗೆ ಹಿಡಿದು ನೋಡಿ, ಪುನಃ ನೀರಿಗೆ ಬಿಡುತ್ತಾನೆ. ಇದರಲ್ಲೇನು ಸುಖವೆಂದು ಮೀನನ್ನೇ ಕೇಳಬೇಕು ಎಂದು ನಾನೆಂದುದಕ್ಕೆ ಅವನು ನಕ್ಕ. ಅದೇನಿದ್ದರೂ, ವಾರದ ಐದು ದಿನ ಯಂತ್ರದ ಮುಂದೆ ಕುಳಿತ ಮನುಷ್ಯನಿಗೆ ಮಗನೊಡನೆ ನೀರಿನ ಮೇಲೆ ಅರ್ಧ ದಿನ ಮೌನವಾಗಿರುವುದು ಎಷ್ಟು ದೊಡ್ಡದೆಂಬುದನ್ನು ಊಹಿಸಬಲ್ಲೆ.

ಅಲ್ಯುಮಿನಿಯಂ ದೋಣಿಗೂ ಒಂದು ಚರಿತ್ರೆಯಿದೆ. 1944ರಲ್ಲಿ ಗ್ರಮ್ಮನ್ ವಿಮಾನ ಕಂಪೆನಿಯ ಅಧಿಕಾರಿ ವಿಲಿಯಂ ಹಾಫ್‌ಮನ್ ಎಂಬವರು ರಜೆಯಲ್ಲಿ ಕಾಡಿನ ಸರೋವರಗಳ ನಡುವೆ ಭಾರದ ಕ್ಯಾನ್ವಾಸು ದೋಣಿಯನ್ನು ಹೊತ್ತು ಬಳಲಿ, ವಿಮಾನದ ತಗಡಿನಿಂದಲೇ ದೋಣಿಯನ್ನು ಮಾಡಿದರೇನೆಂದು ಯೋಚಿಸಿದರು. ಮಹಾಯುದ್ಧ ಮುಗಿದು ವಿಮಾನಗಳ ಬೇಡಿಕೆ ತಗ್ಗಿದೊಡನೆ ತಗಡು ದೋಣಿಯಾಯಿತು. ಮಿನ್ನೆಸೋಟದಲ್ಲಿಯೂ 1946ರಲ್ಲಿ ಅಲ್ಯುಮಾಕ್ರಾಫ್ಟ್, 1948ರಲ್ಲಿ ನ್ಯೂಯಾರ್ಕ್ ಮಿಲ್ಸ್ ಎಂಬ ಸಣ್ಣ ಊರಿನಲ್ಲಿ ಲುಂಡ್ ಎಂಬ ಹೆಸರಿನ ತಯಾರಿಕೆಗಳು ಆರಂಭವಾದುವು. ಒಂದು ತಗಡನ್ನು ಇನ್ನೊಂದರ ಮೇಲಿಟ್ಟು ಸಾಲಾಗಿ ರಿವೆಟ್ ಹೊಡೆದು ಬೆಸೆಯುವ ಕೌಶಲವೂ ವಿಮಾನದಿಂದಲೇ ಇಳಿದು ಬಂದುದು.

ತಮ್ಮ ಕೊಂಡದ್ದು ಎರಡನೆಯ ಕೈಯ ದೋಣಿ. ಅಡ್ಡಲಾಗಿ ಮೂರು ಬೆಂಚುಗಳು. ಅವುಗಳ ನಡುವೆ ಬರಿಯ ಪಕ್ಕೆಲುಬುಗಳೆದ್ದ, ಕಾಲಿಟ್ಟರೆ ಜಾರುವ ಇಳಿಜಾರಿನ ತಳ. ಬೆಂಚುಗಳನ್ನು ದಾಟಿ ದಾಟಿ ನಡೆಯುವುದು ತ್ರಾಸ; ನಿಂತು ಗಾಳ ಬೀಸುವುದಂತೂ ಆಗದು. ಆದುದರಿಂದ ಅಲ್ಲಿಯ ಜನ ತಾವೇ ಪ್ಲೈವುಡ್ ಹಲಗೆ ಕತ್ತರಿಸಿ ಒಂದು ಹಾಸನ್ನು ಮಾಡಿಕೊಳ್ಳುತ್ತಾರೆ. ‘ಡೆಕ್’ ಎಂದು ಅದರ ಹೆಸರು. ತಮ್ಮನೂ ಎರಡು ವರ್ಷಗಳ ಹಿಂದೆ ಮಾಡಿದ್ದ. ಬೆಂಚುಗಳ ಮಟ್ಟಕ್ಕೆ ಮುಕ್ಕಾಲು ಅಂಗುಲದ ಹಲಗೆ, ಕೆಳಗೆ ಮರದ ಚೌಕಟ್ಟು, ಮೇಲೆ ಜಮಖಾನ, ಎಲ್ಲವನ್ನೂ ಬಿಗಿದು ನೂರಾರು ತಿರುಪುಮೊಳೆ. ನೋಡಲು ಅರಮನೆಯ ಜಗಲಿಯ ಹಾಗಿತ್ತಂತೆ.

ಕಳೆದ ಸೆಪ್ಟೆಂಬರಿನ ಒಂದು ಸಂಜೆ ಅವನೂ ಮಗನೂ ಒಬ್ಬ ಸ್ನೇಹಿತನೂ ಸರೋವರದ ಆಚೆ ದಡದಿಂದ ಮರಳುತ್ತಿದ್ದರು. ದೋಣಿ ಎಂದಿನ ಹಾಗೆ ಮೂತಿ ಎತ್ತದೆ ಮಂದವಾಗಿತ್ತು. ತಿರುವಿನಲ್ಲಿ ಎಡಕ್ಕೆ ವಾಲಿದ ದೋಣಿ ನೆಟ್ಟಗಾಗಲಿಲ್ಲ, ಇನ್ನೂ ವಾಲಿತು. ನಿಂತಿದ್ದ ಸ್ನೇಹಿತ ಅದೇ ಪಕ್ಕಕ್ಕೆ ಮುಗ್ಗರಿಸಿದ. ಅಂಚಿನ ಮೇಲಿಂದ ನೀರು ನುಗ್ಗಿತು. ಹುಡುಗ ಹೊರಗೆ ಬಿದ್ದ. ಮೈಮೇಲೆ ತೇಲುವ ಅಂಗಿಯಿದ್ದುದರಿಂದ ಬದುಕಿದ. ಎರಡು ನಿಮಿಷಗಳಲ್ಲಿ ಎಳೆದುಕೊಂಡರು. ದೋಣಿ ಬೆಂಚುಗಳವರೆಗೆ ತುಂಬಿಯೂ ಮುಳುಗಲಿಲ್ಲ. ಆದರೆ ದಡದಲ್ಲಿ ಕಾಯುತ್ತಿದ್ದ ತಾಯಿ ಅದನ್ನೆಲ್ಲ ಕಣ್ಣಾರೆ ಕಂಡಿದ್ದಳು. ಅಂದಿನಿಂದ ಹುಡುಗನಿಗೆ ದೋಣಿ ನಿಷಿದ್ಧ. ಗಂಡಹೆಂಡಿರ ನಡುವೆ ಅದೊಂದು ಆಡದ ಮಾತಾಗಿ ಉಳಿಯಿತು.

ತಮ್ಮ ಇದನ್ನೆಲ್ಲ ಹೇಳಿ ಮುಗಿಸಿ, "ಅಣ್ಣ, ನೀರು ಎಲ್ಲಿಂದ ಬಂತೆಂದೇ ಗೊತ್ತಾಗಲಿಲ್ಲ. ಕಾಲಿನ ಕೆಳಗೆ ಇತ್ತು, ಕಾಣಲಿಲ್ಲ" ಎಂದ.

ಈ ಮಾತನ್ನು ಕೇಳಿದೊಡನೆ ನನ್ನ ಮನಸ್ಸು ಪಯಸ್ವಿನಿಯ ಕಡವಿಗೆ ಹೋಯಿತು. ಮುಂದೆ ಚಂದ್ರಗಿರಿ ಹೊಳೆಯೆನಿಸಿ ಕಾಸರಗೋಡಿನ ತೆಂಕಲಲ್ಲಿ ಕಡಲು ಸೇರುವ ಆ ನದಿಯನ್ನು ದಾಟಿಯೇ ನಾವಿಬ್ಬರೂ ಶಾಲೆಗೆ ಹೋಗಬೇಕಾಗಿತ್ತು. ನನಗಾಗ ಹನ್ನೆರಡು, ಅವನಿಗೆ ಆರು. ಮರದ ದೋಣಿ, ತಳದಲ್ಲಿ ಅಡಿಕೆ ಮರದ ಸೀಳುಗಳನ್ನು ತೆಂಗಿನ ಹುರಿಯಿಂದ ಹೆಣೆದ ನಾಲ್ಕು ತಟ್ಟಿಗಳು. ಕಡವಿನ ಅಜ್ಜ ಪ್ರತಿದಿನ ಮೊದಲ ಸರತಿಗೆ ಮುನ್ನ ನಾಲ್ಕನ್ನೂ ಎತ್ತಿ ದಡದಲ್ಲಿ ಒರಗಿಸುತ್ತಿದ್ದ. ಕೆಳಗೆ ಕಂಡ ನೀರನ್ನು ಅಡಿಕೆ ಹಾಳೆಯಿಂದ ಗೋರಿ ಚೆಲ್ಲಿದ ಹುಡುಗನಿಗೆ ಅಂದು ಕಡವಿನ ಹಣವಿಲ್ಲ. ಒಂದು ಆಟಿಯ ಬೆಳಗ್ಗೆ, ಹೊಳೆ ಕೆಂಪಾಗಿ ಹರಿಯುತ್ತಿದ್ದಾಗ, ಕಚೇರಿಗೆ ತಡವಾಯಿತೆಂದು ಒಬ್ಬರು ಅವಸರಿಸಿದರು. ಅಜ್ಜ ಜಲ್ಲೆಯನ್ನು ದಡಕ್ಕೆಸೆದು ಕುಕ್ಕರಿಸಿದ. "ಒಳಗಿನ ನೀರು ಕಂಡರೆ ದೋಣಿ ನನ್ನದು. ಕಾಣದಿದ್ದರೆ ಹೊಳೆಯದು" ಎಂದು ಹೇಳಿ, ನಾವು ಗೋರಿ ಮುಗಿಸುವ ತನಕ ಏಳಲಿಲ್ಲ. ಈಗ ಆ ಕಡವಿಗೆ ಸೇತುವೆಯಾಗಿದೆ. ಅಜ್ಜನಿಲ್ಲ.

ಅವನನ್ನು ನೆನಪಿಸಿದೆ. ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಟ್ಟಿ ಎತ್ತುವಾಗ ಏಡಿಗಳು ಓಡುತ್ತಿದ್ದುವು" ಎಂದ. ಅದೇ ದಿನ ನಾವು ಹಳೆಯ ಹಾಸನ್ನು ಬಿಚ್ಚಲು ತೊಡಗಿದೆವು.

ಬಿಚ್ಚುವುದಕ್ಕೆ ಮೂರು ದಿನ ಹಿಡಿಯಿತು. ತಿರುಪುಮೊಳೆಗಳು ತುಕ್ಕು ಹಿಡಿದು ತಲೆ ಕಳಚುತ್ತಿದ್ದುವು. ಹಲಗೆಯನ್ನೆತ್ತಿದರೆ ಅದು ತಾಗಿದ್ದಲ್ಲೆಲ್ಲ ತಗಡಿನ ಮೇಲೆ ಬಿಳಿಯ ಹುಡಿ. ಒರೆಸಿದರೆ ಸಿಡುಬಿನ ಕಲೆಗಳಂಥ ಕುಳಿಗಳು. ನಾನು ಮಕ್ಕಳಿಗೆ ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆಸುವ ಲೋಹಗಳ ಕ್ರಿಯಾಶೀಲತೆಯ ಶ್ರೇಣಿ ಇಲ್ಲಿ ಪ್ರತ್ಯಕ್ಷವಾಗಿತ್ತು. ಗೆದ್ದಲು, ಬೂಷ್ಟು ಹಿಡಿಯದಂತೆ ಔಷಧ ಹೊಡೆದ ಹಲಗೆಯನ್ನು ತಮ್ಮ ತಂದಿದ್ದ. ಆ ಔಷಧದಲ್ಲಿ ತಾಮ್ರವಿರುತ್ತದೆ. ತಾಮ್ರವೂ ಅಲ್ಯುಮಿನಿಯಮೂ ತೇವದಲ್ಲಿ ಒಂದನ್ನೊಂದು ತಾಗಿಕೊಂಡರೆ ಅದೊಂದು ಸಣ್ಣ ವಿದ್ಯುತ್ಕೋಶವೇ ಆಗುತ್ತದೆ, ಸವೆಯುವುದು ಅಲ್ಯುಮಿನಿಯಂ. ಜಮಖಾನ ನೀರನ್ನು ಹೀರಿ ಹಿಡಿದುಕೊಂಡು ಆ ತೇವ ಆರದಂತೆ ನೋಡಿಕೊಂಡಿತ್ತು. ದೋಣಿಯನ್ನು ನೂರು ವರ್ಷ ಬಾಳಿಸಲೆಂದು ತಂದ ಹಲಗೆ ಎರಡು ವರ್ಷಗಳಲ್ಲಿ ಅದನ್ನು ತಿನ್ನತೊಡಗಿತ್ತು. ತಮ್ಮ ಎಂಜಿನಿಯರು, ಅವನಿಗೆ ಇದು ಗೊತ್ತಿರದ ವಿಷಯವೇನಲ್ಲ. ಗೊತ್ತಿರುವುದು ಬೇಕಾದಾಗ ನೆನಪಾಗುವುದು ಬೇರೆ ಸಂಗತಿ. ಇದನ್ನು ಮೂವತ್ತು ವರ್ಷಗಳ ಉತ್ತರಪತ್ರಿಕೆಗಳಲ್ಲಿ ಕಂಡವನು ನಾನು.

ಮುಂದಿನ ಪಾಠ ಹುಡುಗನದು. ತರಬೇತಿ ಶಾಲೆಯಲ್ಲಿ ನಮಗೆ ಕಲಿಸಿದ ಮೊದಲ ಸೂತ್ರ, ತಿಳಿದುದರಿಂದ ತಿಳಿಯದುದರ ಕಡೆಗೆ ಹೋಗಬೇಕೆಂಬುದು. ಬಚ್ಚಲಮನೆಯ ತೂಕದ ಯಂತ್ರವನ್ನು ತಂದು, ಹಲಗೆಯ ಒಂದೊಂದು ತುಂಡನ್ನೂ ಅವನಿಂದ ಅಪ್ಪಿಕೊಳ್ಳಿಸಿ ನಿಲ್ಲಿಸಿ, ಅವನ ತೂಕವನ್ನು ಕಳೆದು ಬರೆಸಿದೆ. ಒಟ್ಟು 214 ಪೌಂಡು. ಅದೂ ಚಳಿಗಾಲವಿಡೀ ಒಳಗಿದ್ದು ಒಣಗಿದ ಮೇಲೆ. ದೋಣಿಯ ಒಳಮೈಯಲ್ಲಿ ಒಂದು ಚಿಕ್ಕ ಫಲಕವಿದೆ. 1971ರಲ್ಲಿ ಅಲ್ಲಿಯ ಕೇಂದ್ರ ಸರಕಾರ ಮಾಡಿದ ದೋಣಿ ಸುರಕ್ಷಾ ಕಾಯಿದೆಯಿಂದ ಬಂದ ಕ್ರಮವದು. ಇಪ್ಪತ್ತು ಅಡಿಗಿಂತ ಚಿಕ್ಕ ಮೋಟಾರು ದೋಣಿ ಎಷ್ಟು ಭಾರ ತಾಳೀತೆಂದು ಅದರಲ್ಲಿ ಬರೆದಿರಬೇಕು. ಈ ದೋಣಿಗೆ ಜನ, ಮೋಟಾರು, ಸಾಮಾನು ಸೇರಿ 760 ಪೌಂಡು. ಸೆಪ್ಟೆಂಬರಿನ ಆ ಸಂಜೆ ಮೂವರ ತೂಕ 440. ಮೋಟಾರು, ಎಣ್ಣೆ, ಬ್ಯಾಟರಿ, ಸಾಮಾನು 235. ಹುಡುಗ ಕೂಡಿಸಿ 675 ಎಂದು ಬರೆದು, ಅದರ ಕೆಳಗೆ 214ನ್ನು ಬರೆದು, ಮೊತ್ತ ಕಂಡು ತಂದೆಯ ಮುಖ ನೋಡಿದ. 889. ಒಳಗೆ ಸೇರಿದ್ದ ನೀರು ಈ ಲೆಕ್ಕದಲ್ಲಿಲ್ಲ.

ನೀರು ಭಾರವಾಗಿರುವುದಷ್ಟೇ ಆದರೆ ದೋಣಿ ತಗ್ಗಿ ಹೋಗುತ್ತಿತ್ತು, ವಾಲುತ್ತಿರಲಿಲ್ಲ. ಹುಡುಗನ ಕೈಗೆ ತಂಬಿಗೆಯಲ್ಲಿ ನೀರು ಕೊಟ್ಟು ಅಂಗಳ ಸುತ್ತಿಸಿದೆ. ಒಂದು ಹನಿ ಚೆಲ್ಲಲಿಲ್ಲ. ಅಷ್ಟೇ ನೀರನ್ನು ಅಗಲವಾದ ಹರಿವಾಣದಲ್ಲಿ ಹುಯ್ದು ಕೊಟ್ಟೆ. ನಾಲ್ಕು ಹೆಜ್ಜೆಗೆ ಅಂಗಿ ಒದ್ದೆಯಾಯಿತು. ಹರಿವಾಣ ಯಾವ ಕಡೆಗೆ ತುಸು ಬಾಗಿತೋ ನೀರೆಲ್ಲ ಆ ಕಡೆಗೇ ಓಡಿ, ಇನ್ನಷ್ಟು ಬಾಗಿಸುತ್ತದೆ. ಹಾಸಿನ ಕೆಳಗಿನ ನೀರು ಮಾಡಿದ್ದೂ ಅದನ್ನೇ. ನಿಂತವರನ್ನು ಬೆಂಚಿನ ಎತ್ತರಕ್ಕೇರಿಸಿದ್ದು ಅದಕ್ಕೆ ಸಹಾಯ ಮಾಡಿತು.

ನೀರು ಬಂದ ದಾರಿಯೂ ಸಿಕ್ಕಿತು. ದೋಣಿಯ ಹಿಂಗೋಡೆಯ ಬುಡದಲ್ಲಿ ನೀರು ಬಸಿಯಲು ಒಂದು ತೂತು, ಅದಕ್ಕೊಂದು ಬಿರಡೆ. ಒಂದು ಸರೋವರದಿಂದ ದೋಣಿಯನ್ನು ರಸ್ತೆಗೆ ತಂದರೆ ಬಿರಡೆಯನ್ನು ತೆಗೆದಿಟ್ಟೇ ಸಾಗಿಸಬೇಕೆಂದು ಅಲ್ಲಿಯ ಕಾನೂನು. ನಮ್ಮ ಮರುವಾಯಿಯ ದೂರದ ಬಂಧುವಾದ, ಜೀಬ್ರಾದಂತೆ ಪಟ್ಟೆಯುಳ್ಳ ಒಂದು ಪುಟ್ಟ ಚಿಪ್ಪುಜೀವಿ ಕ್ಯಾಸ್ಪಿಯನ್ ಮತ್ತು ಕಪ್ಪು ಸಮುದ್ರಗಳ ಸೀಮೆಯಿಂದ ಹಡಗುಗಳ ನೀರಿನೊಂದಿಗೆ ಅಮೆರಿಕ ಸೇರಿ, ಸರೋವರಗಳಿಗೆ ಪಿಡುಗಾಗಿದೆ. ದೋಣಿಯೊಳಗಿನ ಬೊಗಸೆ ನೀರೂ ಅದನ್ನು ಊರಿಂದೂರಿಗೆ ಒಯ್ಯಬಲ್ಲದು. ಒಳ್ಳೆಯ ಕಾನೂನೇ. ಆದರೆ ತೆಗೆದ ಬಿರಡೆಯನ್ನು ಮತ್ತೆ ಹಾಕುವವರು ಮನುಷ್ಯರು. ಆ ದಿನ ಅದನ್ನು ಅರ್ಧವೇ ತಿರುಗಿಸಿತ್ತು.

ಹೊಸ ಹಾಸಿನ ವಿಷಯದಲ್ಲಿ ಅಣ್ಣತಮ್ಮಂದಿರಿಗೆ ಚರ್ಚೆಯಾಯಿತು. ಬೆಂಚುಗಳನ್ನು ಕೊಯ್ದು ತೆಗೆದರೆ ವಿಶಾಲವಾದೀತೆಂದು ಅವನ ಆಸೆ. ಬೆಂಚುಗಳೇ ದೋಣಿಯ ಎರಡು ಪಕ್ಕಗಳನ್ನು ಹಿಡಿದಿರುವ ತೊಲೆಗಳು. ಅವುಗಳ ಹೊಟ್ಟೆಯಲ್ಲಿ ತುಂಬಿರುವ ಹಗುರವಾದ ನೊರೆಯೇ ಸೆಪ್ಟೆಂಬರಿನಲ್ಲಿ ದೋಣಿಯನ್ನು ಮುಳುಗದಂತೆ ಉಳಿಸಿದ್ದು. ಅದನ್ನು ನೆನಪಿಸಿದ ಮೇಲೆ ಆ ಮಾತು ನಿಂತಿತು. ಹಾಸು ಬೆಂಚಿನ ಮಟ್ಟದಲ್ಲಿರದೆ ತಳದ ಪಕ್ಕೆಲುಬುಗಳ ಮೇಲೆಯೇ ಕೂರಬೇಕೆಂದು ನಾನು ಹಿಡಿದೆ. ಮುಂಗಡೆಯಲ್ಲಾದರೂ ಒಂದು ಎತ್ತರದ ಕಟ್ಟೆ ಬೇಕೆಂದು ಅವನು ಹಿಡಿದ. ಕೊನೆಗೆ ಕಟ್ಟೆ ಉಳಿಯಿತು, ಆದರೆ ಚಿಕ್ಕದು. ಅದರ ಮೇಲೆ ಕುಳಿತುಕೊಳ್ಳಬಹುದು, ನಿಲ್ಲಬಾರದು. ಅವನು ಒಬ್ಬನೇ ಹೋದಾಗ ನಿಲ್ಲುತ್ತಾನೆಂದು ನನಗೆ ಈಗಲೂ ಸಂಶಯ.

ಕೆಲಸದ ರೀತಿ ಹೀಗಿತ್ತು. ಹಳೆಯ ಪೆಟ್ಟಿಗೆಗಳ ರಟ್ಟನ್ನು ದೋಣಿಯೊಳಗೆ ಒತ್ತಿ ಒತ್ತಿ ಕತ್ತರಿಸಿ ಮಾದರಿ ಮಾಡಿದೆವು. ದೋಣಿಯಲ್ಲಿ ಒಂದೂ ಸರಳರೇಖೆ ಇಲ್ಲ. ಅಳತೆಪಟ್ಟಿಯನ್ನು ನಂಬಿ ಕೊಯ್ದ ಮೊದಲ ಹಲಗೆ ವ್ಯರ್ಥವಾಯಿತು. ಔಷಧವಿಲ್ಲದ, ನೀರಿಗೆ ಬಿಡದ ಅಂಟಿನ ಅರ್ಧ ಅಂಗುಲದ ಪ್ಲೈವುಡ್ ಆರಿಸಿದೆವು. ಅಡ್ಡತೊಲೆಗಳಿಗೆ ಅಲ್ಯುಮಿನಿಯಮಿನದೇ ಆಂಗಲ್ ಪಟ್ಟಿ. ಅವುಗಳ ತುದಿಗಳನ್ನು ಬೆಂಚುಗಳ ಪಕ್ಕದ ತಗಡಿಗೆ ಬಿಗಿದೆವೇ ಹೊರತು ದೋಣಿಯ ತಳಕ್ಕೆ ಒಂದೇ ಒಂದು ತೂತನ್ನೂ ಕೊರೆಯಲಿಲ್ಲ. ಮೊಳೆಗಳೆಲ್ಲ ಸ್ಟೇನ್‌ಲೆಸ್ ಸ್ಟೀಲಿನವು. ಹಲಗೆ ತಗಡನ್ನು ತಾಗುವಲ್ಲಿ ರಬ್ಬರಿನ ಪಟ್ಟಿ. ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದ. ಆದುದರಿಂದ ಮೈಗೆ ಎರಡು ಸಲ, ಅಂಚಿಗೆ ಮೂರು ಸಲ ಎಪಾಕ್ಸಿ ಬಳಿದೆವು. ಏಪ್ರಿಲ್ ತಿಂಗಳಾದರೂ ಕೊಟ್ಟಿಗೆಯ ಚಳಿಗೆ ಅದು ಗಟ್ಟಿಯಾಗಲಿಲ್ಲ. ನಮ್ಮ ನಾಡಿನಲ್ಲಿ ಈ ಪೀಕಲಾಟವಿಲ್ಲ. ಹಲಗೆಗಳನ್ನು ಮನೆಯ ನೆಲಮಾಳಿಗೆಗೆ ಇಳಿಸಿ, ಕಿಟಕಿ ತೆರೆದು ಒಣಗಿಸಿದೆವು. ವಾಸನೆ ಅಡಿಗೆಮನೆಗೆ ಏರಿತು. ಅತಿಥಿಯಾದ ನನ್ನ ಮುಖ ನೋಡಿ ಆಕೆ ಏನೂ ಹೇಳಲಿಲ್ಲವೆಂಬುದನ್ನು ನಾನು ಬಲ್ಲೆ. ಜಮಖಾನ ಬೇಡವೆಂದು, ಹಸಿ ಬಣ್ಣದ ಮೇಲೆ ಸಣ್ಣ ಮರಳನ್ನು ಉದುರಿಸಿ ಜಾರದ ಹಾಗೆ ಮಾಡಿದೆವು.

ಇವೆಲ್ಲಕ್ಕಿಂತ ಮುಖ್ಯವಾದದ್ದು, ಹಾಸು ಐದು ತುಂಡುಗಳಲ್ಲಿತ್ತು. ಯಾವುದೂ ಹದಿನೆಂಟು ಪೌಂಡು ಮೀರಲಿಲ್ಲ. ತುಂಡುಗಳ ಸುತ್ತ ಕಾಲು ಅಂಗುಲದ ಸಂದು. ಎತ್ತಲು ಹಗ್ಗದ ಕುಣಿಕೆ. ಅಲುಗಾಡದಿರಲು, ನಮ್ಮ ಹಳೆಯ ಮನೆಗಳ ಕಿಟಕಿಗೆ ಇರುವಂಥ, ಬೆರಳಿನಿಂದ ತಿರುಗುವ ಚಿಲಕ. ಒಂದೂ ಉಪಕರಣವಿಲ್ಲದೆ ಹನ್ನೊಂದು ವರ್ಷದ ಹುಡುಗ ಐದನ್ನೂ ಎತ್ತಿ ಹೊರಗಿಡಬೇಕೆಂದು ನಾನು ಹಾಕಿದ ಷರತ್ತು. ಗಡಿಯಾರ ನೋಡಿ ಎತ್ತಿಸಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಹಿಂಬದಿಯಲ್ಲಿ, ಬಿರಡೆಯ ಬಳಿ, ಒಂದು ಅಡಿ ಜಾಗವನ್ನು ಹಾಸದೆಯೇ ಬಿಟ್ಟೆವು. ಮೂತಿ ಎತ್ತಿ ಓಡುವ ದೋಣಿಯಲ್ಲಿ ನೀರು ಹಿಂದಕ್ಕೆ ಬಂದು ಅಲ್ಲಿ ನಿಲ್ಲುತ್ತದೆ. ಚುಕ್ಕಾಣಿ ಹಿಡಿದವನ ಕಣ್ಣಿಗೆ ಬೀಳುತ್ತದೆ. ಆ ಒಂದು ಅಡಿ ನೋಡಲು ಅಪೂರ್ಣವಾಗಿ ಕಾಣುತ್ತದೆಂದು ತಮ್ಮ ಬಹಳ ಗೊಣಗಿದ. ಪಟ್ಟಿ, ಮೊಳೆ ಸಹಿತ ಹೊಸ ಹಾಸಿನ ತೂಕ 71 ಪೌಂಡು. 675ಕ್ಕೆ ಕೂಡಿಸಿದರೆ 746. ಮಿಕ್ಕ ಹದಿನಾಲ್ಕು ಪೌಂಡು ಬುತ್ತಿಗೆ ಸಾಕೆಂದು ಹುಡುಗ ಹೇಳಿದ.

ಮೇ ತಿಂಗಳ ಮೊದಲ ವಾರ, ಮೊಣಕಾಲು ಮಟ್ಟದ ನೀರಿನಲ್ಲಿ ಪರೀಕ್ಷೆ. ಮಂಜುಗಡ್ಡೆ ಕರಗಿ ಹೆಚ್ಚು ದಿನವಾಗಿರಲಿಲ್ಲ. ಕಾಲಿಟ್ಟರೆ ಮೂಳೆ ನೋಯುವಷ್ಟು ತಂಪು. ಸೆಪ್ಟೆಂಬರಿನ ಬದಲು ಈ ನೀರಿಗೆ ಹುಡುಗ ಬಿದ್ದಿದ್ದರೆ ಎಂಬ ಯೋಚನೆ ನಮ್ಮಿಬ್ಬರಿಗೂ ಬಂತು, ಯಾರೂ ಆಡಲಿಲ್ಲ. ತಮ್ಮನನ್ನು ಹಾಸಿನ ಮೇಲೆ ಒಂದು ಪಕ್ಕಕ್ಕೆ ನಿಲ್ಲಿಸಿ ದೋಣಿಯ ಅಂಚಿನಿಂದ ನೀರಿಗಿರುವ ಅಂತರವನ್ನು ಅಳೆದೆ. ಅದೇ ಪಕ್ಕಕ್ಕೆ, ಬೆಂಚಿನ ಮೇಲೆ ನಿಲ್ಲಿಸಿ ಮತ್ತೆ ಅಳೆದೆ. ಎತ್ತರ ಒಂದಡಿ ಹೆಚ್ಚಾದುದಕ್ಕೆ ಅಂಚು ಎರಡು ಬೆರಳು ನೀರಿಗೆ ಹತ್ತಿರವಾಗಿತ್ತು. ದೂರದಲ್ಲಿ ಲೂನ್ ಎಂಬ ಹಕ್ಕಿ ಕೂಗಿತು. ಆ ರಾಜ್ಯದ ರಾಜ್ಯಪಕ್ಷಿಯಂತೆ. ಕೂಗು ಮಾತ್ರ ನಡುರಾತ್ರಿ ಯಾರೋ ಅತ್ತು ನಕ್ಕಂತಿದೆ.

ಮೀನು ಹಿಡಿಯುವ ಋತು ಅಲ್ಲಿ ಮೇ ನಡುವಿನ ಒಂದು ಶನಿವಾರ ಆರಂಭವಾಗುತ್ತದೆ. ನಮ್ಮೂರಿನ ಆಯನದ ದಿನದ ಸಂಭ್ರಮ. ಬೆಳಗಿನ ಜಾವ ದೋಣಿಯನ್ನು ಎಳೆದುಕೊಂಡು ಹೊರಟಾಗ ತಮ್ಮನ ಹೆಂಡತಿಯೂ ಕಾರಿನಲ್ಲಿ ಕುಳಿತಳು. ಹುಡುಗ ಬರಬಹುದೋ ಬಾರದೋ ಎಂಬುದನ್ನು ಯಾರೂ ಎತ್ತಿರಲಿಲ್ಲ; ಅವನು ತೇಲುವ ಅಂಗಿಯನ್ನು ತೊಟ್ಟುಕೊಂಡೇ ಬಂದಿದ್ದ. ನೀರಿನಂಚಿನಲ್ಲಿ ದೋಣಿಯನ್ನು ಇಳಿಸುವ ಮುನ್ನ ಆಕೆ ಹತ್ತಿರ ಬಂದು, ನಮ್ಮಲ್ಲಿ ಯಾರನ್ನೂ ಕೇಳದೆ, ಒಂದೊಂದೇ ಚಿಲಕವನ್ನು ತಿರುಗಿಸಿ ಐದು ಹಲಗೆಗಳನ್ನೂ ಎತ್ತಿ ಹುಲ್ಲಿನ ಮೇಲಿಟ್ಟಳು. ತಳವನ್ನು ನೋಡಿದಳು. ಹಿಂದಕ್ಕೆ ಹೋಗಿ ಬಿರಡೆಯನ್ನು ಕೈಯಿಂದ ಮುಟ್ಟಿ, ಇನ್ನೊಂದು ಸುತ್ತು ಬಿಗಿದಳು. ಹಲಗೆಗಳನ್ನು ತಾನೇ ಜೋಡಿಸಿದಳು. ಆಮೇಲೆ ಚಪ್ಪಲಿ ಕಳಚಿ, ಹತ್ತಿ, ನಡುವಿನ ಬೆಂಚಿನಲ್ಲಿ ಮಗನ ಪಕ್ಕದಲ್ಲಿ ಕುಳಿತಳು. ಅವಳಿಗೂ ಒಂದು ತೇಲುವ ಅಂಗಿಯಿತ್ತು. ಫಲಕದ ಲೆಕ್ಕದಲ್ಲಿ ನನಗೆ ಜಾಗ ಉಳಿಯಲಿಲ್ಲವಾದುದರಿಂದ ನಾನು ದಡದಲ್ಲಿ ಫ್ಲಾಸ್ಕಿನ ಕಾಫಿ ಕುಡಿಯುತ್ತ ಕುಳಿತೆ.

ಜೂನ್ ಒಂದರಂದು ಶಾಲೆ ತೆರೆಯುವಾಗ ನಾನು ಊರಿನಲ್ಲಿದ್ದೆ. ಮಳೆ ಹಿಡಿದ ಎರಡನೆಯ ವಾರದಲ್ಲಿ ಹುಡುಗನ ದೂರವಾಣಿ ಬಂತು. "ದೊಡ್ಡಪ್ಪ, ನಿನ್ನೆ ಹಿಂದಿನ ಜಾಗದಲ್ಲಿ ನೀರು ಕಂಡಿತು. ಹಲಗೆ ಎತ್ತಿ ನೋಡಿದೆವು. ಅಪ್ಪ ಬಿರಡೆಯನ್ನು ಹಾಕಲೇ ಇಲ್ಲ, ಅದು ಅವರ ಕಿಸೆಯಲ್ಲಿತ್ತು. ದಡದ ಹತ್ತಿರವೇ ಇದ್ದೆವು, ಗೋರಿ ಚೆಲ್ಲಿದೆವು. ಅಮ್ಮನಿಗೆ ಹೇಳಬೇಡಿ ಎಂದು ಅಪ್ಪ ಹೇಳಿದ್ದಾರೆ." ಅಷ್ಟರಲ್ಲಿ ಹಿಂದಿನಿಂದ ಅವನ ತಾಯಿಯ ದನಿ ಕೇಳಿಸಿತು: "ಹೇಳಿಯಾಯಿತು, ಫೋನು ಕೊಡು."